ಒಂದೇ ಮರಕ್ಕೆ ಎರಡು ಲೇಬಲ್

ಉಪ್ಪಿನ ಪ್ಯಾಕೆಟ್ಟಿನ ಮೇಲೆ ಹಾಗೆ ಬರೆದಿದ್ದನ್ನು ನೋಡದೆ ಇದ್ದಿದ್ದರೆ ಆ ಬೇಸಿಗೆ ನನಗೆ ಮತ್ತೆ ನೆನಪಾಗುತ್ತಿರಲಿಲ್ಲ. ಮೊಮ್ಮಗಳು ಚೈತ್ರ ತನ್ನ ಮಗುವನ್ನು ಎತ್ತಿಕೊಂಡು ಚಿಕ್ಕಮಗಳೂರಿನಿಂದ ಬಂದಿದ್ದಳು. ಬರುವಾಗ ಅಲ್ಲಿನ ದೊಡ್ಡ ಅಂಗಡಿಯಿಂದ ಒಂದು ಚೀಲ ಸಾಮಾನು ತಂದಿದ್ದಳು. ಅದರಲ್ಲಿ ಗುಲಾಬಿ ಬಣ್ಣದ ಒಂದು ಉಪ್ಪು. ಪ್ಯಾಕೆಟ್ಟಿನ ಮೂಲೆಯಲ್ಲಿ ಹಸಿರು ಎಲೆಯ ಚಿತ್ರ, ಅದರ ಕೆಳಗೆ ಇಂಗ್ಲಿಷಿನ ಸಣ್ಣ ಅಕ್ಷರ. ಈ ಎಲೆಯನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು.

“ಎಂತ ಬರ್ದಿದೆಯೇ ಇದ್ರಲ್ಲಿ?”

ಅವಳು ಓದಿಕೊಂಡು, ಸ್ವಲ್ಪ ಹೊತ್ತು ನಗು ತಡೆದು ಹೇಳಿದಳು. “ಕುಲಾಂತರಿ ಅಲ್ಲ ಅಂತ, ಅಜ್ಜಿ.”

“ಉಪ್ಪಾ?”

“ಹ್ಞೂಂ, ಉಪ್ಪು.”

ಉಪ್ಪಿಗೆ ಬೀಜವಿಲ್ಲ, ಬೇರಿಲ್ಲ, ನಾಟಿ ಮಾಡಿದವರಿಲ್ಲ. ನಾನು ನಕ್ಕ ನಗುವಿನಲ್ಲಿ ಒಲೆಯ ಮೇಲಿದ್ದ ಸಾರು ಉಕ್ಕಿದ್ದು ಗೊತ್ತಾಗಲಿಲ್ಲ. ಅಂಗಳದ ಆಚೆ ಬದಿಯಿಂದ ವನಜಿ ಕೂಗಿದಳು. “ಎಂತಾಯ್ತಕ್ಕಾ, ಯಾರಾದ್ರೂ ಬಿದ್ರಾ?”

“ಯಾರೂ ಬಿದ್ದಿಲ್ಲ. ಬಾ ಇಲ್ಲಿ, ನಿನ್ನ ಹಳೇ ಶತ್ರು ಬಂದಿದಾನೆ.”

ವನಜಿ ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಗಂಡಂದಿರಿಬ್ಬರೂ ಈಗಿಲ್ಲ. ಅವರಿದ್ದಾಗಲೇ ಹಿಸ್ಸೆಯಾಗಿ ತೋಟ ಎರಡಾಯಿತು, ಮನೆ ಎರಡಾಯಿತು. ಅಂಗಳ ಮಾತ್ರ ಒಂದೇ ಉಳಿಯಿತು, ಯಾಕೆಂದರೆ ಕಾಫಿ ಒಣಗಿಸಲು ಇಬ್ಬರಿಗೂ ಅಗಲ ಜಾಗ ಬೇಕಿತ್ತು. ಹಲಸಿನ ಮರ ಸರಿಯಾಗಿ ಗಡಿಯ ಮೇಲೆ ನಿಂತಿತ್ತು. ಕಡಿದು ಮೋಪು ಹಂಚಿಕೊಳ್ಳೋಣ ಎಂದು ನನ್ನ ಗಂಡ, ಕಡಿಯಲು ಬಿಡುವುದಿಲ್ಲ ಎಂದು ಮೈದುನ. ಕೊನೆಗೆ ಊರಿನ ಹಿರಿಯರು ಬಂದು, ಮರಕ್ಕೆ ಒಂದು ಸುತ್ತು ಹಾಕಿ, ಬೊಡ್ಡೆಯ ಮೂಡಲ ಮೈಯಲ್ಲಿ ಬಿಟ್ಟ ಕಾಯಿ ಅಣ್ಣನಿಗೆ, ಪಡುವಲ ಮೈಯಲ್ಲಿ ಬಿಟ್ಟದ್ದು ತಮ್ಮನಿಗೆ ಎಂದು ತೀರ್ಮಾನ ಹೇಳಿದರು. ಹಲಸು ಬೊಡ್ಡೆಗೇ ಕಾಯಿ ಬಿಡುವ ಮರವಾದ್ದರಿಂದ ಈ ಮಾತು ನಡೆಯಿತು. ಮಾವಿನ ಮರವಾಗಿದ್ದರೆ ಇವತ್ತಿಗೂ ಕೋರ್ಟಿನಲ್ಲಿರುತ್ತಿದ್ದೆವು. ಮಧ್ಯದಲ್ಲಿ ಬಿಟ್ಟ ಕಾಯಿ ಯಾರದ್ದು ಎಂದು ಹಿರಿಯರು ಹೇಳಲಿಲ್ಲ. ಅದನ್ನು ಮಂಗ ತಿನ್ನುತ್ತದೆ.

ಚಿಪ್ಸಿನ ವ್ಯಾಪಾರ ಶುರುವಾದದ್ದು ಈ ಮರದಿಂದಲೇ. ಬೇಸಿಗೆ ರಜೆ ಬಂತೆಂದರೆ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ಕಾರುಗಳು ನಮ್ಮ ಗೇಟಿನ ಮುಂದೆಯೇ ಹಾಯುತ್ತವೆ. ತಿರುವಿನಲ್ಲಿ ಹೊಟ್ಟೆ ತೊಳೆಸಿದವರು ಅಲ್ಲಿ ಇಳಿದು ನಿಲ್ಲುತ್ತಾರೆ. ನಿಂತವರಿಗೆ ಏನಾದರೂ ಕರಿದದ್ದು ಕೊಟ್ಟರೆ ತಿನ್ನುತ್ತಾರೆ ಎಂದು ವನಜಿ ಕಂಡುಕೊಂಡಳು. ಹೊಟ್ಟೆ ತೊಳೆಸಿದವರು ಕರಿದದ್ದು ತಿನ್ನುವುದು ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಆದರೆ ತಿನ್ನುತ್ತಾರೆ.

ನಮ್ಮದು ಒಂದು ಕ್ರಮವಿತ್ತು. ಬಕ್ಕೆ ಹಲಸು, ಗಟ್ಟಿ ತೊಳೆಯದು. ಹಣ್ಣಾಗುವ ಮೊದಲೇ ಇಳಿಸಬೇಕು. ಒಬ್ಬಳು ಕಾಯಿ ಹಿಡಿದುಕೊಂಡರೆ ಇನ್ನೊಬ್ಬಳು ಸೀಳುವುದು. ಮೇಣ ಹತ್ತದ ಹಾಗೆ ಇಬ್ಬರ ಕೈಗೂ ಕೊಬ್ಬರಿ ಎಣ್ಣೆ. ಇಬ್ಬರ ತೊಳೆಯನ್ನೂ ಒಂದೇ ಬಾಣಲೆಗೆ ಹಾಕಿ, ಎಣ್ಣೆ ಸದ್ದು ಮಾಡುವಾಗ ಉಪ್ಪುನೀರು ಚಿಮುಕಿಸಿ, ಕರಿದು ತೆಗೆದ ಮೇಲೆ ಅಳೆದು ಎರಡು ಪಾಲು. ಗೇಟಿನ ಹತ್ತಿರ ಒಂದು ಬೆಂಚು, ಎರಡು ಬುಟ್ಟಿ. ಬಂದ ಮೊದಲ ಗಿರಾಕಿ ನನ್ನ ಬುಟ್ಟಿಗೆ, ಮುಂದಿನವನು ಅವಳ ಬುಟ್ಟಿಗೆ. ಮಾರನೇ ದಿನ ಅವಳದ್ದು ಮೊದಲು. ಒಂದೇ ಮರ, ಒಂದೇ ಬಾಣಲೆ; ಗಿರಾಕಿಗೆ ಯಾವುದಾದರೇನು.

ಚೈತ್ರ ಆಗ ಕಾಲೇಜಿನಲ್ಲಿದ್ದಳು. ಆ ವರ್ಷ ಹೂಮಳೆ ಹೇಳಿ ಕಳಿಸಿದ ಹಾಗೆ ಬಂದು, ಕಾಫಿ ತೋಟವೆಲ್ಲ ಬೆಳ್ಳಗೆ ಹೂವಾಗಿ, ಎಲ್ಲರ ಮುಖದಲ್ಲೂ ಕಳೆ ಇತ್ತು. ರಜೆಗೆ ಬಂದವಳು ನಮ್ಮ ಬೆಂಚಿನ ಮೇಲೆ ಅರ್ಧ ದಿನ ಕೂತು ನೋಡಿದಳು. ಪೇಟೆಯವರು ಪ್ಯಾಕೆಟ್ಟು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸುತ್ತಾರೆ, ಓದಲು ಏನೂ ಸಿಗದೆ ಇಟ್ಟು ಹೋಗುತ್ತಾರೆ ಎಂದಳು. ಮೂಡಿಗೆರೆಗೆ ಹೋಗಿ ಸ್ಟಿಕ್ಕರ್ ಮಾಡಿಸಿಕೊಂಡು ಬಂದಳು. ‘ಮಲೆನಾಡಿನ ಹಲಸಿನ ಚಿಪ್ಸ್’ ಎಂದು ದೊಡ್ಡದಾಗಿ, ಹಸಿರು ಎಲೆ, ಎಲೆಯ ಕೆಳಗೆ ಇನ್ನೊಂದು ಸಾಲು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕನ್ನಡ ಓದಲು ಬರುತ್ತದೆ, ಓದಿದ್ದೆಲ್ಲ ಅರ್ಥವಾಗಬೇಕೆಂದಿಲ್ಲ.

“ಇದೆಂತ ಕೆಳಗೆ, ಕುಲಾಂತರಿ ಅಲ್ಲ ಅಂತ?”

“ಲ್ಯಾಬಲ್ಲಿ ಒಂದರ ಗುಣ ತೆಗೆದು ಇನ್ನೊಂದಕ್ಕೆ ಸೇರಿಸ್ತಾರಲ್ಲ ಅಜ್ಜಿ, ಹುಳ ತಿನ್ನದ ಹಾಗೆ. ಆ ಥರದ ಬೆಳೆ.”

“ನಮ್ಮ ಮರಕ್ಕೆ ಹಂಗೆ ಮಾಡಿದ್ಯಾರು?”

“ಯಾರೂ ಮಾಡಿಲ್ಲ. ಅದ್ಕೇ ಅಲ್ಲ ಅಂತ ಬರ್ದಿರೋದು.”

“ಹಂಗಾರೆ ಹಾವಿನ ವಿಷ ಹಾಕಿಲ್ಲ ಅಂತಾನೂ ಬರಿ. ಅದೂ ನಿಜವೇ.”

“ಹಂಗೆ ಬರ್ದ್ರೆ ಯಾರೂ ಮುಟ್ಟಲ್ಲ ಅಜ್ಜಿ.”

“ಇದನ್ನ ಬರ್ದ್ರೆ ಮುಟ್ತಾರಾ?”

“ನೋಡ್ತಿರು.”

ವನಜಿಯನ್ನೂ ಕೇಳಿದಳು, ಸಣ್ಣಜ್ಜಿ ನಿಮ್ಮದಕ್ಕೂ ಅಂಟಿಸಲಾ ಎಂದು. ವನಜಿ ಮೂಗು ಮುರಿದಳು. “ನನ್ನ ಮುಖ ನೋಡಿ ತಗಳದಾದ್ರೆ ತಗಳ್ಲಿ. ಚೀಟಿ ಅಂಟಿಸ್ಕಂಡು ಕೂರಕ್ಕೆ ನಂದೇನು ಔಷಧಿ ಅಂಗಡಿನಾ?”

ಮಾರನೇ ದಿನ ಬೆಳಿಗ್ಗೆ ಬಂದ ಮೊದಲ ಕಾರಿನಿಂದ ಒಬ್ಬ ಹೆಂಗಸು ಇಳಿದಳು. ಆ ದಿನ ಸರದಿ ವನಜಿಯದ್ದು. ವನಜಿ ಪ್ಯಾಕೆಟ್ಟು ಮುಂದೆ ಹಿಡಿದಳು. ಆ ಹೆಂಗಸಿನ ಕಣ್ಣು ನನ್ನ ಬುಟ್ಟಿಯ ಎಲೆಯ ಮೇಲೆ ಬಿತ್ತು, ಆಮೇಲೆ ವನಜಿಯ ಬೋಳು ಪ್ಯಾಕೆಟ್ಟಿನ ಮೇಲೆ.

“ಇದರಲ್ಲಿ ಕುಲಾಂತರಿ ಅಲ್ಲ ಅಂತ ಬರೆದಿದೆ. ಅದರಲ್ಲಿ ಇಲ್ವಲ್ಲಾ. ಅದು ಕುಲಾಂತರಿನಾ?”

“ಅಯ್ಯೋ, ಎರಡೂ ಒಂದೇ ಮರದ್ದು ಕಣಮ್ಮ. ನೋಡಿ, ಅಲ್ಲಿ ನಿಂತಿದೆ ಮರ.” ವನಜಿ ಬೆರಳು ಮಾಡಿ ತೋರಿಸಿದಳು.

“ಮತ್ತೆ ಇದಕ್ಕೆ ಯಾಕೆ ಬರೆದಿಲ್ಲ?”

ವನಜಿ ಮುಂದೆ ಹಿಡಿದಿದ್ದ ಪ್ಯಾಕೆಟ್ಟನ್ನು ವಾಪಸ್ಸು ಬುಟ್ಟಿಗೆ ಹಾಕಿದಳು. ಆ ಹೆಂಗಸು ನನ್ನ ಬುಟ್ಟಿಯಿಂದ ಎತ್ತಿಕೊಂಡು ಹೋದಳು. ಅವಳ ಹಿಂದಿನವರೂ ಹಾಗೇ. ಲೇಬಲ್ ನನ್ನದನ್ನು ರುಚಿ ಮಾಡಲಿಲ್ಲ, ಅವಳದ್ದಕ್ಕೆ ಅನುಮಾನ ಹಚ್ಚಿತು, ಅಷ್ಟೇ. ಹಿಂದಿನ ವಾರದವರೆಗೆ ಯಾರ ತಲೆಯಲ್ಲೂ ಇಲ್ಲದ ಭಯವನ್ನು ನಾವೇ ಎಲೆಯ ಚಿತ್ರ ಹಾಕಿ ಹಂಚಿದ್ದೆವು. ಇದೆಲ್ಲ ಈಗ ಹೇಳುತ್ತೇನೆ. ಆಗ ನನಗೆ ಖುಷಿಯಾಗಿತ್ತು. ಬುಟ್ಟಿ ಖಾಲಿಯಾದರೆ ಯಾರಿಗೆ ಬೇಜಾರು?

ವನಜಿಯೂ ಮೊದಲಿಗೆ ನಕ್ಕು ಸುಮ್ಮನಾದಳು. ಪೇಟೆಯವರಿಗೆ ತಲೆ ಸರಿಯಿಲ್ಲ ಎಂದಳು. ಆಮೇಲೆ ಅವಳ ಒಡಹುಟ್ಟಿದ ತಮ್ಮ ಮಂಜ ಆಲ್ದೂರಿನಿಂದ ಬಂದ. ಜೊತೆಗೆ ಅವನ ಪುಟ್ಟ ಮೊಮ್ಮಗಳು. ಅಕ್ಕನ ಮನೆಯಲ್ಲಿ ಊಟ ಮಾಡಿ, ಹೊರಡುವಾಗ ಬೆಂಚಿನ ಹತ್ತಿರ ನಿಂತು, ಮಗುವಿಗೆ ಎಂದು ನನ್ನ ಬುಟ್ಟಿಗೆ ಕೈ ಹಾಕಿದ.

“ಲೋ ಮಂಜ, ನಂದು ಇಲ್ಲಿದೆ ಕಣೋ,” ಎಂದಳು ವನಜಿ.

“ಗೊತ್ತಕ್ಕ. ನಂಗಾದ್ರೆ ಯಾವ್ದಾದ್ರೂ ಆಗುತ್ತೆ. ಮಗೂಗಲ್ವಾ, ರಿಸ್ಕ್ ಯಾಕೆ?”

ಆ ಮರಕ್ಕೆ ಅವನು ಹುಡುಗನಾಗಿದ್ದಾಗಿನಿಂದ ಹತ್ತಿ ಕಾಯಿ ಇಳಿಸಿದ್ದಾನೆ. ಯಾವ ಮೈ ಯಾರದ್ದು ಎಂದು ನಮಗಿಂತ ಚೆನ್ನಾಗಿ ಅವನಿಗೆ ಗೊತ್ತು. ಆದರೂ ಕೈ ಎಲೆಯ ಕಡೆಗೇ ಹೋಯಿತು. ವನಜಿ ಬುಟ್ಟಿ ಎತ್ತಿಕೊಂಡು ಮನೆಯೊಳಗೆ ಹೋದಳು.

ಮಾರನೇ ದಿನ ಅವಳು ಬೆಳಗಿನ ಕಾಫಿಗೆ ನನ್ನ ಅಡುಗೆಮನೆಗೆ ಬರಲಿಲ್ಲ. ಹಿಂಬದಿಯಲ್ಲಿ ಕಲ್ಲು ಹೂಡಿ ತನ್ನದೇ ಒಲೆ ಮಾಡಿಕೊಂಡಳು. ಬೆಂಚಿನಿಂದ ಎದ್ದು, ತಿರುವಿನ ಆಚೆ ಒಂದು ಸ್ಟೂಲು ಹಾಕಿಕೊಂಡಳು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ತೋಟದ ಆಳಿನ ಹತ್ತಿರ, ಮಳೆಗಾಲ ಮುಗಿದ ಮೇಲೆ ಆ ಮರ ಕಡಿಸಿಬಿಡುತ್ತೇನೆ, ಅರ್ಧ ಮೋಪು ಅವರಿಗೆ ಹೋಗಲಿ ಎಂದು ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಂದು ಕಡಿಯಬೇಡ ಎಂದವನ ಹೆಂಡತಿ ಇವಳು. ಒಮ್ಮೆ ಹೇಳಿದ್ದನ್ನು ಮಾಡುವ ಜಾತಿ.

ಬೇಜಾರಾಯಿತು ಎಂದು ಬರೆದರೆ ಚೆನ್ನಾಗಿ ಕಾಣಬಹುದು. ನನಗೆ ಆದದ್ದು ತೊಂದರೆ. ಹಲಸಿನಕಾಯಿ ಒಬ್ಬರಿಂದ ಆಗುವ ಕೆಲಸವಲ್ಲ. ಚೈತ್ರ ಹಿಡಿದುಕೊಳ್ಳುತ್ತೇನೆ ಎಂದು ಬಂದು, ಜಡೆಗೆ ಮೇಣ ಹಚ್ಚಿಕೊಂಡು, ತುದಿ ಕತ್ತರಿಸಬೇಕಾಯಿತು. ಇನ್ನು ಕಾಫಿ ಕುಡಿಯುವಾಗ ಎದುರಿಗೆ ಜಗಳ ಆಡಲು ಒಬ್ಬರು ಬೇಕಲ್ಲ. ಮೊಮ್ಮಗಳ ಹತ್ತಿರ ಜಗಳ ಆಡಿದರೆ ಅವಳು ಫೋನು ನೋಡುತ್ತಾಳೆ.

ವ್ಯಾಪಾರ ಮಾತ್ರ ಏರುತ್ತಲೇ ಇತ್ತು. ಮನೆಯ ಕೊಬ್ಬರಿ ಎಣ್ಣೆ ಸಾಲದಾಯಿತು. ಮೂಡಿಗೆರೆಯಿಂದ ಅಗ್ಗದ ಎಣ್ಣೆಯ ಟಿನ್ನು ತರಿಸಿದೆ. ಬಣ್ಣ ಚೆನ್ನಾಗಿ ಬರುತ್ತಿತ್ತು, ವಾಸನೆ ಇರಲಿಲ್ಲ. ತಿಂದವರು ಯಾರೂ ಏನೂ ಅನ್ನಲಿಲ್ಲ. ಎಲೆ ಇತ್ತಲ್ಲ.

ಆಮೇಲೆ ಒಂದು ಬೆಳಿಗ್ಗೆ ವನಜಿ ಸ್ಟೂಲು ಬಿಟ್ಟು ಮತ್ತೆ ಬೆಂಚಿಗೆ ಬಂದು ಕೂತಳು. ನಾನು ಮನಸ್ಸಿನಲ್ಲೇ, ಸೋತು ಬಂದಳು ಎಂದುಕೊಂಡೆ. ಅವಳು ಬುಟ್ಟಿಯ ಮೇಲಿನ ಬಟ್ಟೆ ತೆಗೆದಳು. ಪ್ರತಿ ಪ್ಯಾಕೆಟ್ಟಿನ ಮೇಲೂ ಕೆಂಪು ಸ್ಟಿಕ್ಕರ್, ನನ್ನದರ ಎರಡರಷ್ಟು ದೊಡ್ಡದು. ‘ಕುಲಾಂತರಿ ಹಲಸಿನ ಚಿಪ್ಸ್. ಹೊಸ ತಳಿ.’

ಚೈತ್ರ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. “ಸಣ್ಣಜ್ಜಿ, ಇದೆಂತ ಮಾಡಿದ್ರಿ?”

“ನಿನ್ನ ಅಜ್ಜಿದು ಅಲ್ಲ ತಾನೆ? ನಂದು ಹೌದು.”

“ಅದ್ರ ಅರ್ಥ ಗೊತ್ತಾ ನಿಮ್ಗೆ?”

“ಗೊತ್ತಿಲ್ದೆ ಮಾಡಿಸ್ತೀನಾ? ಸ್ಟಿಕ್ಕರ್ ಅಂಗಡಿ ಹುಡುಗನ್ನ ಕೇಳ್ಕಂಡೇ ಮಾಡ್ಸಿದ್ದು. ಹುಳ ತಿನ್ನದ ತಳಿ ಅಂತಂದ. ಹುಳ ತಿನ್ನದ ತಳಿ ಅಂದ್ರೆ ಯಾವ ಮನುಷ್ಯಂಗೆ ಬೇಡ?”

ಇದನ್ನು ಕೇಳಿ ಪೇಟೆಯವರು ನಗಬಹುದು. ನಾನು ನಗಲಿಲ್ಲ. ಹಿಂದಿನ ವರ್ಷ ವನಜಿಯ ಅರೇಬಿಕಾ ಗಿಡಗಳಿಗೆ ಕಾಂಡಕೊರಕ ಬಿದ್ದು, ಸಾಲು ಸಾಲೇ ಕಿತ್ತು ಸುಟ್ಟಿದ್ದರು. ಸುಡುವಾಗ ಅವಳು ನಿಂತಿದ್ದು ನಾನು ನೋಡಿದ್ದೇನೆ. ನಮ್ಮ ಕಡೆ ನರ್ಸರಿ ಬಾಗಿಲಿಗೆ ‘ಹೊಸ ತಳಿ’ ಎಂದು ಬೋರ್ಡು ಬಿದ್ದರೆ ಜೀಪು ಮಾಡಿಕೊಂಡು ಹೋಗುತ್ತೇವೆ. ಮದುವೆ ಮನೆಯಲ್ಲಿ ಕೂತು ನಿಮ್ಮದು ಯಾವ ತಳಿ, ಹುಳ ತಡೆಯುತ್ತದಾ ಎಂದು ಕೇಳುವುದು ನಾವು. ಹೊಸ ತಳಿ ಇಟ್ಟವರು ತಲೆಯೆತ್ತಿ ನಡೆಯುವ ಊರಿನಲ್ಲಿ, ಅದನ್ನು ಅಲ್ಲ ಎಂದು ಹೇಳಿಕೊಂಡು ಚಿಪ್ಸು ಮಾರುತ್ತಿದ್ದ ನಾನೇ ಅವಳ ಕಣ್ಣಿಗೆ ವಿಚಿತ್ರವಾಗಿ ಕಂಡಿರಬೇಕು.

ಅವತ್ತಿನ ಮೊದಲ ಕಾರು ಬಂತು. ಒಂದು ಸಂಸಾರ ಇಳಿಯಿತು. ಗಂಡ ಕೆಂಪು ಸ್ಟಿಕ್ಕರ್ ಓದಿದ, ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ, ಮಕ್ಕಳನ್ನು ಎಳೆದುಕೊಂಡು ಕಾರು ಹತ್ತಿದ. ನನ್ನದನ್ನೂ ಮುಟ್ಟಲಿಲ್ಲ, ಪಕ್ಕದಲ್ಲಿ ಕೂತು ಅಂಟಿಕೊಂಡಿತೇನೋ ಎಂಬ ಹಾಗೆ. ಮಧ್ಯಾಹ್ನ ಬೈಕಿನಲ್ಲಿ ಕಾಲೇಜು ಹುಡುಗರು ಬಂದರು. ಅವರಿಗೆ ಕೆಂಪೇ ಬೇಕು. ಒಬ್ಬನು ಒಂದು ಚಿಪ್ಸು ಬಾಯಿಗಿಟ್ಟು, ಕಣ್ಣು ಮೇಲೆ ಮಾಡಿ, ಮೈ ನಡುಗಿಸಿ ತೋರಿಸಿದ. ಇನ್ನೊಬ್ಬ ಅದನ್ನು ಫೋನಿನಲ್ಲಿ ಹಿಡಿದ. ವನಜಿಯ ಫೋಟೋವನ್ನೂ ತೆಗೆದರು. ಅವಳು ಸೆರಗು ಸರಿಮಾಡಿಕೊಂಡು ನಿಂತಳು.

“ಹೆಂಗಿದೆ ಮಕ್ಳೇ?”

“ಸಖತ್ತಾಗಿದೆ ಅಜ್ಜಿ. ರಾತ್ರಿ ಬಾಲ ಬರುತ್ತಾ?”

“ನಿಮ್ಗೆ ಈಗ್ಲೇ ಇದೆಯಲ್ಲ.”

ಆ ಫೋಟೋ ಎಲ್ಲೆಲ್ಲಿ ಹೋಯಿತೋ. ಸ್ವಲ್ಪ ದಿನದಲ್ಲೇ ಸರ್ಕಾರಿ ಜೀಪೊಂದು ಗೇಟಿನ ಮುಂದೆ ನಿಂತಿತು. ಇಳಿದದ್ದು ಒಬ್ಬ ಹುಡುಗಿ, ಆಹಾರ ಪರೀಕ್ಷೆ ಮಾಡುವ ಅಧಿಕಾರಿ. ಚಪ್ಪಲಿ ತುಂಬ ಧೂಳು, ಮುಖದಲ್ಲಿ ಸುಸ್ತು. ನಾನು ಕಾಫಿ ಕೊಡಲಾ ಎಂದೆ. ಆಮೇಲೆ ಎಂದಳು. ನನಗೆ ಒಳಗೊಳಗೆ ಸಂತೋಷವಾಗಿತ್ತು, ಈಗ ವನಜಿಗೆ ಬಿಸಿ ಮುಟ್ಟುತ್ತದೆ ಎಂದು.

“ಅಮ್ಮ, ಈ ತಳಿ ನಿಮಗೆ ಎಲ್ಲಿ ಸಿಕ್ತು?”

ವನಜಿ ಮರ ತೋರಿಸಿದಳು. “ನಮ್ಮತ್ತೆ ಮಾವನ ಕಾಲದಿಂದ ಇದೆ. ಪಡುವಲ ಮೈ ನಂದು.”

“ಹಾಗಾದ್ರೆ ಹೊಸ ತಳಿ ಹೇಗಾಯ್ತು?”

“ಒಳ್ಳೇದು ಅಂತ ಬರ್ಸಿದೆ ಮೇಡಂ.”

ಆ ಹುಡುಗಿ ತುಟಿ ಕಚ್ಚಿಕೊಂಡಳು. “ನಮ್ಮ ದೇಶದಲ್ಲಿ ಯಾರ ತೋಟದಲ್ಲೂ ಕುಲಾಂತರಿ ಹಲಸು ಇಲ್ಲಮ್ಮ. ಇಲ್ಲದ್ದನ್ನ ಇದೆ ಅಂತ ಬರೆಯೋ ಹಾಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ನಿಮ್ಮದಕ್ಕೆ ‘ಅಲ್ಲ’ ಅಂತ ಯಾಕೆ ಬರೆದ್ರಿ? ಯಾವ ಹಲಸಲ್ಲೂ ಇಲ್ಲದ್ದನ್ನ ನಿಮ್ಮದರಲ್ಲಿ ಇಲ್ಲ ಅಂದ್ರೆ, ಪಕ್ಕದವರದ್ದರಲ್ಲಿ ಇದೆ ಅಂತ ಹೇಳಿದ ಹಾಗಾಯ್ತಲ್ವಾ?”

“ನಿಜ ತಾನೆ ಬರ್ದಿರೋದು ಮೇಡಂ,” ಎಂದೆ. “ಸುಳ್ಳಲ್ಲವಲ್ಲ.”

“ಯಾವ ಎಣ್ಣೇಲಿ ಕರೀತೀರಿ?”

ಟಿನ್ನು ತಂದು ತೋರಿಸಿದೆ. ಅವಳು ಸುತ್ತ ತಿರುಗಿಸಿ, ಇಂಗ್ಲಿಷಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟಳು. ಚೈತ್ರ ಬಗ್ಗಿ ಓದಿ, ತಲೆಗೆ ಕೈ ಹಚ್ಚಿಕೊಂಡಳು. ಹತ್ತಿಬೀಜದ ಎಣ್ಣೆ.

“ನಮ್ಮಲ್ಲಿ ಬೆಳೆಯೋ ಹತ್ತಿ ಬಹುಪಾಲು ಕುಲಾಂತರಿನೇ,” ಎಂದಳು ಆ ಹುಡುಗಿ. “ಅದರ ಬೀಜದ ಎಣ್ಣೆ ಇದು.”

“ತಿಂದ್ರೆ ಎಂತಾಗುತ್ತೆ?”

“ಊರೆಲ್ಲ ತಿಂತಾ ಇದೆಯಮ್ಮ. ಹೆದರಿಸೋಕೆ ನಾನು ಬಂದಿಲ್ಲ. ಈ ಎಣ್ಣೇಲಿ ಕರಿದು ಮೇಲೆ ‘ಅಲ್ಲ’ ಅಂತ ಅಂಟಿಸ್ಬೇಡಿ ಅಂತ ಹೇಳೋಕೆ ಬಂದಿದ್ದು.”

ವನಜಿ ಇಷ್ಟು ಹೊತ್ತೂ ಲೆಕ್ಕ ಹಾಕುತ್ತಿದ್ದಳು. ಅವಳ ವ್ಯಾಪಾರ ಬಿದ್ದುಹೋಗಿದ್ದರಿಂದ ಅವಳಿಗೆ ಟಿನ್ನಿನ ಎಣ್ಣೆ ಬೇಕೇ ಆಗಿರಲಿಲ್ಲ. ಮನೆಯ ಕೊಬ್ಬರಿ ಎಣ್ಣೆಯಲ್ಲೇ ಕರಿಯುತ್ತಿದ್ದಳು.

“ಮೇಡಂ, ಹಂಗಾರೆ ನಂದು ‘ಹೌದು’ ಅಂತ ಬರ್ದಿರೋದು ಅಲ್ಲ. ಇವಳದು ‘ಅಲ್ಲ’ ಅಂತ ಬರ್ದಿರೋದು ಹೌದು.”

“ಒಂದು ಲೆಕ್ಕದಲ್ಲಿ ಹಾಗೇ.”

ವನಜಿ ನನ್ನ ಕಡೆ ನೋಡಿದಳು. ಮಂಜ ಬಂದು ಹೋದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು. “ಅಕ್ಕಾ, ಸುಮ್ನೆ ಕಿತ್ತು ಹಾಳ್ಮಾಡದೆಂತಕ್ಕೆ? ಲೇಬಲ್ ಅದಲು ಬದಲು ಮಾಡ್ಕಳನ ಮಾರಾಯ್ತಿ.”

ಆ ಅಧಿಕಾರಿ ಹುಡುಗಿ ಮೊದಲು ನಕ್ಕಳು. ಆಮೇಲೆ ನಾವು. ಅವಳು ನಮ್ಮ ಬೆಂಚಿನ ಮೇಲೇ ಕೂತು ಕಾಫಿ ಕುಡಿದು, ಎರಡೂ ಬುಟ್ಟಿಯಿಂದ ಒಂದೊಂದು ತಿಂದು ನೋಡಿದಳು. ಯಾವುದು ಚೆನ್ನಾಗಿದೆ ಎಂದು ವನಜಿ ಕೇಳಿದಳು. ಅದನ್ನು ಹೇಳುವುದು ತನ್ನ ಕೆಲಸವಲ್ಲ ಎಂದಳು. ಆದರೆ ಹೊರಡುವಾಗ ಕೊಬ್ಬರಿ ಎಣ್ಣೆಯದ್ದನ್ನು ಕಾಸು ಕೊಟ್ಟು ಕಟ್ಟಿಸಿಕೊಂಡು ಹೋದಳು. ಸ್ಟಿಕ್ಕರ್ ತೆಗೆಯಲು ಒಂದು ವಾರದ ಗಡುವು ಕೊಟ್ಟಳು.

ಸಂಜೆಯೇ ತೆಗೆಯಲು ಕೂತೆವು. ಸ್ಟಿಕ್ಕರಿನ ಗೋಂದು ಹಲಸಿನ ಮೇಣಕ್ಕಿಂತ ಹಠಮಾರಿ. ಉಗುರಿಗೆ ಬರಲಿಲ್ಲ, ಬಿಸಿನೀರಿಗೆ ಬರಲಿಲ್ಲ. ವನಜಿ ಎದ್ದು ಹೋಗಿ ತನ್ನ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಮಧ್ಯೆ ಇಟ್ಟಳು. ಹಚ್ಚಿ ಉಜ್ಜಿದರೆ ಬಂತು. ಮರದ ವಿಚಾರ ಎತ್ತಬೇಕೆಂದು ನನಗೆ ನಾಲಿಗೆ ತುದಿಗೆ ಬಂದಿತ್ತು. ಅವಳೇ ಕೇಳಿದಳು.

“ನಾಳೆ ನಿನ್ನ ಕಡೆಯದು ಇಳಿಸದಾ, ನನ್ನ ಕಡೆಯದಾ?”

“ಮಧ್ಯದ್ದು ಒಂದು ಬಲಿತಿದೆ. ಮಂಗ ನೋಡಕ್ಕೆ ಮೊದ್ಲು ಅದನ್ನ ಇಳಿಸನ.”

ಮಾರನೇ ದಿನ ಒಲೆ ಮತ್ತೆ ಒಂದಾಯಿತು. ಹತ್ತಿಎಣ್ಣೆಯ ಟಿನ್ನನ್ನು ಎಸೆಯಲಿಲ್ಲ. ಕಾಸು ಕೊಟ್ಟು ತಂದದ್ದು. ಮಳೆಗಾಲ ಪೂರ್ತಿ ಪೂರಿ ಕರಿದು ಮನೆಯವರೆಲ್ಲ ತಿಂದೆವು. ಮಂಜ ಬಂದಾಗ ಅವನಿಗೂ ಬಡಿಸಿ, ಎರಡನೇ ಸಲ ಹಾಕಿದ ಮೇಲೆ ವನಜಿ ಎಣ್ಣೆಯ ಕತೆ ಹೇಳಿದಳು. ಅವನು ಸ್ವಲ್ಪ ಯೋಚನೆ ಮಾಡಿ ಮೂರನೇ ಸಲ ಹಾಕಿಸಿಕೊಂಡ. ಉಳಿದ ಒಂದು ಕೆಂಪು ಸ್ಟಿಕ್ಕರನ್ನು ವನಜಿ ನಮ್ಮ ಹಸುವಿನ ಕೊಂಬಿಗೆ ಅಂಟಿಸಿದಳು. ವರ್ಷವಿಡೀ ಹತ್ತಿಹಿಂಡಿ ತಿನ್ನುವವಳು ಅವಳೇ ಅಲ್ಲವಾ ಎಂದಳು. ಹಾಲು ಕೊಳ್ಳುವವರು ಯಾರೂ ಕೊಂಬು ಓದಲಿಲ್ಲ.

ಈಗ ನಮ್ಮ ಪ್ಯಾಕೆಟ್ಟಿನ ಮೇಲೆ ಹಲಸು, ಕೊಬ್ಬರಿ ಎಣ್ಣೆ, ಉಪ್ಪು ಎಂದು ಮಾತ್ರ ಇದೆ. ಎರಡು ಬುಟ್ಟಿಗೂ ಒಂದೇ ಸ್ಟಿಕ್ಕರ್. ಕುಲಾಂತರಿನಾ ಎಂದು ಈಗಲೂ ಒಬ್ಬೊಬ್ಬರು ಕೇಳುತ್ತಾರೆ. ವನಜಿ ಮರ ತೋರಿಸಿ, ಅದನ್ನೇ ಕೇಳಿ ಎನ್ನುತ್ತಾಳೆ.

ಇಷ್ಟೆಲ್ಲ ಮಾತಾಡಿ ನಕ್ಕು, ಗುಲಾಬಿ ಉಪ್ಪಿನ ಪ್ಯಾಕೆಟ್ಟನ್ನು ನನ್ನ ಹಳೇ ಉಪ್ಪಿನ ಜಾಡಿಯ ಪಕ್ಕ ಇಟ್ಟೆವು. ಅಷ್ಟರಲ್ಲಿ ಚೈತ್ರಳ ಮಗು ಎದ್ದು ಅಳಲು ಶುರುಮಾಡಿತು. ಗಂಜಿ ಬಟ್ಟಲಿಗೆ ಹಾಕಿದೆ. ಒಂದು ಚಿಟಿಕೆ ಉಪ್ಪು ಹಾಕಬೇಕು. ಜಾಡಿ ಹತ್ತಿರದಲ್ಲಿತ್ತು, ಪ್ಯಾಕೆಟ್ಟು ದೂರ. ನನ್ನ ಕೈ ಜಾಡಿಯನ್ನು ದಾಟಿ ಎಲೆಯ ಚಿತ್ರದ ಕಡೆಗೆ ಹೋಯಿತು.

ವನಜಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ಹ್ಞಾಂ ಅಕ್ಕಾ,” ಎಂದಳು. “ಮಗೂಗಲ್ವಾ. ರಿಸ್ಕ್ ಯಾಕೆ?”